ಕ್ರೋಂಪೇಟೆ ಮತ್ತು ದಾಸರ ಪದ: ಒಂದು ಚಾರಿತ್ರಿಕ ಅವಲೋಕನ

ಚೆನ್ನೈ ಮಹಾನಗರದ ದಕ್ಷಿಣ ದಿಕ್ಕಿನಲ್ಲಿ, ಬೀಚ್ ನಿಲ್ದಾಣದಿಂದ ತಾಂಬರಂಗೆ ಸಾಗುವ ರೈಲು ಮಾರ್ಗದಲ್ಲಿ, ಪಲ್ಲಾವರಂ ಮತ್ತು ತಾಂಬರಂ ಸ್ಯಾನಟೋರಿಯಂ ನಿಲ್ದಾಣಗಳ ನಡುವೆ ಕ್ರೋಂಪೇಟೆ ಇದೆ. ದಕ್ಷಿಣದೇಶದ ಊರುಗಳು ಸಾಮಾನ್ಯವಾಗಿ ಕೆರೆ, ಗುಡ್ಡ, ಮರ, ದೇವರು ಅಥವಾ ಅರಸರಿಂದ ಹೆಸರನ್ನು ಪಡೆದಿವೆ. ಕ್ರೋಂಪೇಟೆಯಾದರೋ ಒಂದು ಕಾರ್ಖಾನೆಯಿಂದ, ಆ ಕಾರ್ಖಾನೆಯಲ್ಲಿ ಬಳಸುತ್ತಿದ್ದ ಒಂದು ಲೋಹದ ಲವಣದಿಂದ ಹೆಸರನ್ನು ಪಡೆಯಿತು. ತಿರುವಲ್ಲಿಕ್ಕೇಣಿ ಮತ್ತು ಮೈಲಾಪುರಗಳಲ್ಲಿರುವಂತೆ ಪುರಾತನ ದೇವಾಲಯದ ಸುತ್ತ ಬೆಳೆದ ಮಾಡಬೀದಿಗಳು ಇಲ್ಲಿಲ್ಲ. ಆದರೂ ಸಂಜೆ ದೀಪ ಹಚ್ಚಿದ ಮೇಲೆ ಇಲ್ಲಿಯ ಎಷ್ಟೋ ಮನೆಗಳಲ್ಲಿ ಪುರಂದರದಾಸರ, ಕನಕದಾಸರ, ವಿಜಯದಾಸರ ಪದಗಳು ಕೇಳಿಬರುತ್ತವೆ. ಹಾಗೆ ಹಾಡುವವರಲ್ಲಿ ಅನೇಕರು ಕನ್ನಡ ಅಕ್ಷರಗಳನ್ನು ಓದಲಾರರು. ಅವರ ಕೈಯಲ್ಲಿರುವ ಪುಸ್ತಕ ತಮಿಳು ಲಿಪಿಯಲ್ಲಿರುತ್ತದೆ.

ಈ ಊರು ಹೇಗೆ ಹುಟ್ಟಿತು, ಕನ್ನಡ ನುಡಿ ಯಾವ ದಾರಿಯಿಂದ ಇಲ್ಲಿಗೆ ಬಂದಿತು, ಹಾಡಿನಲ್ಲಿ ಉಳಿದ ನುಡಿ ಅಕ್ಷರದಲ್ಲಿ ಏಕೆ ಉಳಿಯಲಿಲ್ಲ ಎಂಬ ಮೂರು ಸಂಗತಿಗಳನ್ನು ಕ್ರಮವಾಗಿ ಪರಿಶೀಲಿಸುವುದು ಈ ಲೇಖನದ ಉದ್ದೇಶವಾಗಿದೆ.

ಹೆಸರಿನ ಹಿನ್ನೆಲೆ

ಕ್ರೋಂಪೇಟೆಗೆ ಹೆಸರು ಬಂದು ಸುಮಾರು ನೂರು ವರ್ಷಗಳಾಗಿರಬಹುದು. ಆದರೆ ಇಲ್ಲಿಯ ನೆಲ ಅತ್ಯಂತ ಪ್ರಾಚೀನವಾದುದು. ನೆರೆಯ ಪಲ್ಲಾವರಂನಲ್ಲಿ 1863ರ ಮೇ 30ರಂದು ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಅವರಿಗೆ ಆದಿಮಾನವನು ಮಾಡಿದ ಕಲ್ಲಿನ ಆಯುಧವೊಂದು ದೊರೆಯಿತು. ಭಾರತದ ಪ್ರಾಗಿತಿಹಾಸದ ಅಧ್ಯಯನ ಅಂದಿನಿಂದ ಆರಂಭವಾಯಿತೆಂದು ವಿದ್ವಾಂಸರು ಹೇಳುತ್ತಾರೆ. ಇದೇ ಫೂಟ್ ಅವರು ಮುಂದೆ ಬಳ್ಳಾರಿ ಮತ್ತು ಧಾರವಾಡದ ಸೀಮೆಗಳಲ್ಲಿ ಬಹುಕಾಲ ಕೆಲಸ ಮಾಡಿ, ಅಲ್ಲಿಯ ಬಂಡೆಗಳ ಸಮೂಹಕ್ಕೆ ಧಾರವಾಡದ ಹೆಸರನ್ನೇ ಇಟ್ಟರು. ಪಲ್ಲಾವರಂನ ಗುಡ್ಡದಲ್ಲಿ ಪಲ್ಲವ ಅರಸ ಮಹೇಂದ್ರವರ್ಮನ ಕಾಲದ, ಅಂದರೆ 7ನೆಯ ಶತಮಾನದ ಆರಂಭದ, ಗುಹಾಲಯವೊಂದಿದೆ. ಅರಸನ ಬಿರುದುಗಳನ್ನು ಕೊರೆದಿರುವ ಆ ಗುಹೆ ಇಂದು ಮುಸ್ಲಿಮರ ದರ್ಗಾ ಆಗಿದೆ. ಹಲವು ಜನ, ಹಲವು ನಂಬಿಕೆಗಳು ಒಂದೇ ಬಂಡೆಯ ನೆರಳಿನಲ್ಲಿ ಬಾಳುವುದು ಈ ಸೀಮೆಗೆ ಹೊಸದೇನೂ ಅಲ್ಲ.

ಇನ್ನು ‘ಕ್ರೋಂ’ ಎಂಬ ಪದದ ವಿಚಾರ. ಮದರಾಸು ಪ್ರಾಂತ್ಯದಲ್ಲಿ ಚರ್ಮವನ್ನು ಹಿಂದಿನಿಂದಲೂ ತಂಗಡಿ ಗಿಡದ ತೊಗಟೆಯಿಂದ ಹದಮಾಡುತ್ತಿದ್ದರು. ಅದಕ್ಕೆ ವಾರಗಟ್ಟಲೆ ಕಾಲ ಬೇಕಾಗುತ್ತಿತ್ತು. ಕ್ರೋಮಿಯಂ ಲವಣದ ದ್ರಾವಣದಲ್ಲಿ ಹದಮಾಡಿದರೆ ಕೆಲಸ ಬಹಳ ಬೇಗ ಮುಗಿಯುತ್ತದೆ. ಹಾಗೆ ಹದಮಾಡಿದ ಚರ್ಮ ನೀರಿಗೂ ಬಿಸಿಗೂ ಹೆಚ್ಚು ತಾಳುತ್ತದೆ. 20ನೆಯ ಶತಮಾನದ ಆರಂಭದಲ್ಲಿ ಮದರಾಸಿನ ಕಲಾಶಾಲೆಯ ಮುಖ್ಯಸ್ಥರಾಗಿದ್ದ ಆಲ್ಫ್ರೆಡ್ ಚಾಟರ್ಟನ್ ಅವರು ಈ ವಿಧಾನದ ಪ್ರಯೋಗಗಳನ್ನು ನಡೆಸಿದರು. ಅವರ ಮೊದಲ ಉದ್ದೇಶ ಪಾದರಕ್ಷೆಯಲ್ಲ, ರೈತನ ಬಾವಿ. ಎತ್ತುಗಳನ್ನು ಕಟ್ಟಿ ಬಾವಿಯಿಂದ ನೀರೆತ್ತುವ ಚರ್ಮದ ಬಾನಿ ಬೇಗ ಕೊಳೆಯುತ್ತಿತ್ತು. ಅದಕ್ಕೆ ಬಾಳಿಕೆ ಬರುವ ಚರ್ಮ ಬೇಕಾಗಿತ್ತು. ಆ ಸಾಧನವನ್ನು ತಮಿಳರು ‘ಕವಲೈ’ ಎಂದರೆ ಕನ್ನಡಿಗರು ‘ಕಪಿಲೆ’ ಎನ್ನುತ್ತಾರೆ. ಚಾಟರ್ಟನ್ ಅವರು 1912ರಲ್ಲಿ ಮೈಸೂರು ಸಂಸ್ಥಾನದ ಕೈಗಾರಿಕೆ ಮತ್ತು ವಾಣಿಜ್ಯ ಇಲಾಖೆಯ ನಿರ್ದೇಶಕರಾಗಿ ಹೋದರು. ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಆ ಅವಧಿಯಲ್ಲಿಯೇ, 1916ರಲ್ಲಿ, ಮೈಸೂರಿನ ಗಂಧದೆಣ್ಣೆಯ ಉದ್ಯಮ ತಲೆಯೆತ್ತಿತು. ಇತ್ತ ಜಿ. ಎ. ಚೇಂಬರ್ಸ್ ಎಂಬ ಉದ್ಯಮಿ ಪಲ್ಲಾವರಂ ಬಳಿ ಸ್ಥಾಪಿಸಿದ ಕ್ರೋಂ ಲೆದರ್ ಕಂಪನಿಯ ಸುತ್ತ ಕೆಲಸಗಾರರ ವಸತಿ ಬೆಳೆಯಿತು. ಪೇಟೆ ಎಂಬ ಪದ ತಮಿಳಿಗೂ ಕನ್ನಡಕ್ಕೂ ಸಮಾನವಾದುದು. ಅದು ‘ಕ್ರೋಂ’ನೊಡನೆ ಸೇರಿ ಊರಿನ ಹೆಸರಾಯಿತು. ಮುಂದೆ ಈ ಸುತ್ತಿನ ಚರ್ಮೋದ್ಯಮವು ಸಾವಿರಾರು ಕುಟುಂಬಗಳಿಗೆ ಅನ್ನ ನೀಡಿತಾದರೂ, ನಾಗಲ್ಕೇಣಿ ಮೊದಲಾದ ಕಡೆಗಳಲ್ಲಿ ಬಾವಿಯ ನೀರನ್ನು ಕೆಡಿಸಿತು ಎಂಬುದನ್ನೂ ಇಲ್ಲಿ ಹೇಳಬೇಕಾಗುತ್ತದೆ. ಬಾವಿಗಾಗಿ ಆರಂಭವಾದ ಪ್ರಯೋಗದ ಫಲ ಬಾವಿಗೇ ಹಾನಿಯಾದುದು ವಿಧಿಯ ವಿಪರ್ಯಾಸ.

ಹಳಿಯೊಡನೆ ಬಂದ ಜನ

ಕಾರ್ಖಾನೆ ಊರಿಗೆ ಹೆಸರನ್ನು ಕೊಟ್ಟಿತು. ಊರನ್ನು ಬೆಳೆಸಿದ್ದು ರೈಲು. 1931ರಲ್ಲಿ ಸೌತ್ ಇಂಡಿಯನ್ ರೈಲ್ವೆಯು ಮದರಾಸು ಬೀಚ್‌ನಿಂದ ತಾಂಬರಂವರೆಗಿನ ಸುಮಾರು 29 ಕಿಲೋಮೀಟರ್ ಮಾರ್ಗದಲ್ಲಿ ವಿದ್ಯುತ್ ರೈಲುಗಳನ್ನು ಆರಂಭಿಸಿತು. ಮೀಟರ್ ಗೇಜ್ ಹಳಿಯ ಮೇಲೆ ವಿದ್ಯುತ್ ರೈಲು ಓಡಿದ್ದು ಭಾರತದಲ್ಲಿ ಅದೇ ಮೊದಲು. 1500 ವೋಲ್ಟ್ ಏಕಮುಖ ವಿದ್ಯುತ್ತಿನಿಂದ ನಡೆಯುತ್ತಿದ್ದ ಈ ವ್ಯವಸ್ಥೆಯನ್ನು 1967ರಲ್ಲಿ 25,000 ವೋಲ್ಟ್ ಪರ್ಯಾಯ ವಿದ್ಯುತ್ತಿಗೆ ಬದಲಾಯಿಸಲಾಯಿತು. ಮೀಟರ್ ಗೇಜ್ ಲೋಕಲ್ ರೈಲುಗಳ ಸೇವೆ 2004ರಲ್ಲಿ ಮುಗಿದು, 1676 ಮಿಲಿಮೀಟರ್ ಅಗಲದ ಬ್ರಾಡ್ ಗೇಜ್ ಹಳಿಗಳೇ ಉಳಿದವು. ಕೆಲಸ ನಗರದಲ್ಲಿ, ಮನೆ ಹೊರವಲಯದಲ್ಲಿ ಎಂಬ ಜೀವನಕ್ರಮ ಸಾಧ್ಯವಾದುದು ಈ ರೈಲಿನಿಂದ. ಮೈಲಾಪುರದಲ್ಲಿಯೋ ತಿರುವಲ್ಲಿಕ್ಕೇಣಿಯಲ್ಲಿಯೋ ಮನೆ ಕಟ್ಟಲಾರದ ಮಧ್ಯಮ ವರ್ಗದ ನೌಕರನು ಇಲ್ಲಿ ಒಂದು ನಿವೇಶನವನ್ನು ಕೊಂಡು, ಬಾವಿ ತೋಡಿಸಿ, ತುಳಸಿಕಟ್ಟೆ ಕಟ್ಟಿಕೊಂಡನು. ರಾಧಾನಗರ, ನ್ಯೂ ಕಾಲೊನಿ, ನೆಹರೂ ನಗರ, ಹಸ್ತಿನಾಪುರಂ ಮುಂತಾದ ಬಡಾವಣೆಗಳು ಹೀಗೆ ನೌಕರರ ಸಂಸಾರಗಳಿಂದ ತುಂಬಿದವು.

ಕನ್ನಡ ಕುಟುಂಬಗಳ ಮಟ್ಟಿಗೆ 1951ರ ಏಪ್ರಿಲ್ 14 ಮಹತ್ವದ ದಿನ. ಅಂದು ಮದರಾಸು ಮತ್ತು ದಕ್ಷಿಣ ಮರಾಠಾ ರೈಲ್ವೆ, ಸೌತ್ ಇಂಡಿಯನ್ ರೈಲ್ವೆ ಹಾಗೂ ಮೈಸೂರು ಸಂಸ್ಥಾನದ ರೈಲ್ವೆ, ಈ ಮೂರೂ ಒಂದಾಗಿ ದಕ್ಷಿಣ ರೈಲ್ವೆ ರೂಪುಗೊಂಡಿತು. ಹುಬ್ಬಳ್ಳಿಯ ಗುಮಾಸ್ತನಿಗೂ ಮೈಸೂರಿನ ಮೇಸ್ತ್ರಿಗೂ ಮದರಾಸೇ ಮುಖ್ಯ ಕಚೇರಿಯ ಊರಾಯಿತು. ಬಡ್ತಿ, ವರ್ಗಾವಣೆ, ಪರೀಕ್ಷೆ, ಆಸ್ಪತ್ರೆ ಎಲ್ಲದಕ್ಕೂ ಈ ನಗರಕ್ಕೆ ಬರಬೇಕಾಯಿತು. 1966ರಲ್ಲಿ ದಕ್ಷಿಣ ಮಧ್ಯ ರೈಲ್ವೆ ಸ್ಥಾಪನೆಯಾದಾಗ ಹುಬ್ಬಳ್ಳಿ ವಿಭಾಗ ಅದಕ್ಕೆ ಸೇರಿತು. 2003ರಲ್ಲಿ ಹುಬ್ಬಳ್ಳಿಯನ್ನೇ ಕೇಂದ್ರವಾಗಿ ಉಳ್ಳ ನೈಋತ್ಯ ರೈಲ್ವೆ ಆರಂಭವಾದ ಮೇಲೆ ಬೆಂಗಳೂರು, ಮೈಸೂರುಗಳೂ ಬೇರ್ಪಟ್ಟವು. ಹೊಸದಾಗಿ ಬರುವವರ ಒಂದು ಮುಖ್ಯ ದಾರಿ ಹೀಗೆ ಕಿರಿದಾಯಿತು. ಆದರೆ ಮೊದಲು ಬಂದವರು ಮನೆ ಕಟ್ಟಿ ಇಲ್ಲಿಯವರೇ ಆಗಿದ್ದರು.

ವಿದ್ಯೆಯೂ ಜನರನ್ನು ಸೆಳೆಯಿತು. ಉದ್ಯಮಿ ಸಿ. ರಾಜಂ ಅವರು ತಮ್ಮ ಮನೆಯನ್ನೇ ಮಾರಿ ಬಂದ ಹಣದಿಂದ 1949ರಲ್ಲಿ ಕ್ರೋಂಪೇಟೆಯಲ್ಲಿ ಮದರಾಸು ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯನ್ನು ಸ್ಥಾಪಿಸಿದರು. ವಿಮಾನ, ಮೋಟಾರು, ಎಲೆಕ್ಟ್ರಾನಿಕ್ಸ್ ಮೊದಲಾದ ಹೊಸ ವಿದ್ಯೆಗಳನ್ನು ಕಲಿಯಲು ನಾನಾ ಪ್ರಾಂತ್ಯಗಳ ವಿದ್ಯಾರ್ಥಿಗಳು ಇಲ್ಲಿಗೆ ಬಂದರು. ರಾಷ್ಟ್ರಪತಿಗಳಾಗಿದ್ದ ಡಾ. ಎ. ಪಿ. ಜೆ. ಅಬ್ದುಲ್ ಕಲಾಂ ಅವರು ಕಲಿತದ್ದು ಇಲ್ಲಿಯೇ. ‘ಸುಜಾತಾ’ ಎಂಬ ಹೆಸರಿನಿಂದ ತಮಿಳಿನಲ್ಲಿ ಬರೆದ ಎಸ್. ರಂಗರಾಜನ್ ಅವರೂ ಇಲ್ಲಿ ಎಲೆಕ್ಟ್ರಾನಿಕ್ಸ್ ಕಲಿತು, ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯಲ್ಲಿ ದುಡಿಯುತ್ತ ಕನ್ನಡ ನೆಲದಲ್ಲಿದ್ದುಕೊಂಡೇ ತಮಿಳು ಕಥೆಗಳನ್ನು ರಚಿಸಿದರು. ಕನ್ನಡಿಗರು ತಮಿಳುನಾಡಿನಲ್ಲಿ ನೆಲೆಸಿದಂತೆಯೇ ತಮಿಳರು ಕನ್ನಡನಾಡಿನಲ್ಲಿ ನೆಲೆಸಿ ತಮ್ಮ ನುಡಿಯನ್ನು ಉಳಿಸಿಕೊಂಡಿದ್ದಾರೆ ಎಂಬುದಕ್ಕೆ ಇದೊಂದು ನಿದರ್ಶನ. ಬಹುಕಾಲ ಪಲ್ಲಾವರಂ ಪುರಸಭೆಯ ಭಾಗವಾಗಿದ್ದ ಕ್ರೋಂಪೇಟೆಯು 2021ರಲ್ಲಿ ರಚಿತವಾದ ತಾಂಬರಂ ಮಹಾನಗರಪಾಲಿಕೆಗೆ ಸೇರಿತು.

ಮದರಾಸಿನ ಕನ್ನಡ ಪರಂಪರೆ

ಕ್ರೋಂಪೇಟೆಗೆ ಬಂದ ಕನ್ನಡ ಕುಟುಂಬಗಳು ಪರದೇಶಕ್ಕೆ ಬಂದವರಾಗಿರಲಿಲ್ಲ. ದಕ್ಷಿಣ ಕನ್ನಡ ಮತ್ತು ಬಳ್ಳಾರಿ ಜಿಲ್ಲೆಗಳು ಮದರಾಸು ಪ್ರಾಂತ್ಯಕ್ಕೇ ಸೇರಿದ್ದವು. ಬಳ್ಳಾರಿಯ ಕನ್ನಡ ತಾಲ್ಲೂಕುಗಳು 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿದವು. ದಕ್ಷಿಣ ಕನ್ನಡ ಸೇರಿದ್ದು 1956ರ ನವೆಂಬರ್ 1ರಂದು. ಅಲ್ಲಿಯವರೆಗೆ ಉಡುಪಿ, ಮಂಗಳೂರುಗಳ ಜನರಿಗೆ ಸರ್ಕಾರವೆಂದರೆ ಮದರಾಸು, ವಿಶ್ವವಿದ್ಯಾಲಯವೆಂದರೆ ಮದರಾಸು. 1907ರಲ್ಲಿ ಮಂಗಳೂರಿಗೆ ರೈಲು ಬಂದ ಮೇಲೆ ಪ್ರಯಾಣವೂ ಸುಗಮವಾಯಿತು. ಮಂಜೇಶ್ವರದ ಗೋವಿಂದ ಪೈಗಳಿಗೆ 1949ರಲ್ಲಿ ರಾಷ್ಟ್ರಕವಿ ಎಂಬ ಗೌರವವನ್ನು ನೀಡಿದ್ದು ಮದರಾಸು ಸರ್ಕಾರವೇ.

ಮದರಾಸು ವಿಶ್ವವಿದ್ಯಾಲಯದ ಕನ್ನಡ ಸೇವೆ ಸ್ಮರಣೀಯವಾದುದು. ಎ. ವೆಂಕಟರಾವ್ ಮತ್ತು ಎಚ್. ಶೇಷ ಅಯ್ಯಂಗಾರ್ ಅವರು ಸಂಪಾದಿಸಿದ ‘ಕವಿರಾಜಮಾರ್ಗ’ವನ್ನು ಅದು 1930ರಲ್ಲಿ ಪ್ರಕಟಿಸಿತು. ರೆವರೆಂಡ್ ಕಿಟ್ಟೆಲ್ ಅವರ 1894ರ ಕನ್ನಡ ನಿಘಂಟನ್ನು ಪ್ರೊ. ಎಂ. ಮರಿಯಪ್ಪ ಭಟ್ಟರು ಪರಿಷ್ಕರಿಸಿ ವಿಸ್ತರಿಸಿದರು. ಅದು 1968ರಿಂದ 1971ರವರೆಗೆ ನಾಲ್ಕು ಸಂಪುಟಗಳಾಗಿ ಇದೇ ವಿಶ್ವವಿದ್ಯಾಲಯದಿಂದ ಹೊರಬಂದಿತು. ಕನ್ನಡದ ಮೊದಲ ಗ್ರಂಥವೂ ಅದರ ಬಹುದೊಡ್ಡ ನಿಘಂಟುಗಳಲ್ಲೊಂದೂ ತಮಿಳು ನಗರದಲ್ಲಿ ಅಚ್ಚಾದವೆಂಬುದನ್ನು ಇಂದಿನ ಪೀಳಿಗೆ ತಿಳಿಯಬೇಕು.

ವಿದ್ಯೆಯ ಜೊತೆಗೆ ಅನ್ನ. ಉಡುಪಿಯ ಅಡುಗೆಯನ್ನು ಮದರಾಸಿಗೆ ತಂದವರಲ್ಲಿ ಕಡಂದಲೆಯ ಕೆ. ಕೃಷ್ಣರಾಯರು ಪ್ರಮುಖರು. ಅವರು 1938ರಲ್ಲಿ ರಾಯಪೇಟೆಯಲ್ಲಿ ಆರಂಭಿಸಿದ ವುಡ್‌ಲ್ಯಾಂಡ್ಸ್ ಮುಂದೆ ಹಲವು ಶಾಖೆಗಳಾಗಿ ಬೆಳೆಯಿತು. 1962ರಲ್ಲಿ ಆರಂಭವಾಗಿ 2008ರಲ್ಲಿ ಮುಚ್ಚಿದ ಡ್ರೈವ್-ಇನ್ ವುಡ್‌ಲ್ಯಾಂಡ್ಸ್‌ನಲ್ಲಿ ಗಾಯಕ ಪಿ. ಬಿ. ಶ್ರೀನಿವಾಸ್ ಅವರು ಬಣ್ಣಬಣ್ಣದ ಲೇಖನಿಗಳನ್ನು ಹಿಡಿದು ಹಲವು ಭಾಷೆಗಳಲ್ಲಿ ಕವಿತೆ ಬರೆಯುತ್ತ ಕುಳಿತಿರುತ್ತಿದ್ದುದನ್ನು ನಗರದ ಹಿರಿಯರು ಈಗಲೂ ನೆನೆಯುತ್ತಾರೆ. ಕೆ. ಸೀತಾರಾಮರಾಯರ ದಾಸಪ್ರಕಾಶ ಹೋಟೆಲು ಹೆಸರಿನಲ್ಲಿಯೇ ದಾಸತ್ವವನ್ನು ಹೊತ್ತು ನಿಂತಿತ್ತು. ಕನ್ನಡ ಚಲನಚಿತ್ರಗಳೂ ಬಹುಕಾಲ ಮದರಾಸಿನ ಸ್ಟುಡಿಯೋಗಳಲ್ಲಿಯೇ ತಯಾರಾದವು. ಡಾ. ರಾಜಕುಮಾರ್ ಅವರ ಸಂಸಾರ ಹಲವು ವರ್ಷ ಇದೇ ನಗರದಲ್ಲಿತ್ತು. ಚಿತ್ರೋದ್ಯಮ ಬೆಂಗಳೂರಿಗೆ ತೆರಳಿದ ಮೇಲೆ ಕನ್ನಡದ ಆ ಒಂದು ಸದ್ದು ಇಲ್ಲಿ ಕಡಿಮೆಯಾಯಿತು. ಉಳಿದದ್ದು ಮನೆಯ ಮಾತು ಮತ್ತು ದೇವರ ಮುಂದಿನ ಹಾಡು.

ಒಂದು ಸಮುದಾಯ, ಹಲವು ಮನೆಮಾತು

ಹೊರಗಿನವರು ಮಾಧ್ವರೆಲ್ಲರೂ ಕನ್ನಡಿಗರೆಂದು ತಿಳಿಯುವುದುಂಟು. ವಸ್ತುಸ್ಥಿತಿ ಹಾಗಿಲ್ಲ. ಚೆನ್ನೈಯ ಮಾಧ್ವ ಕುಟುಂಬಗಳಲ್ಲಿ ಕನಿಷ್ಠ ನಾಲ್ಕು ಧಾರೆಗಳನ್ನು ಗುರುತಿಸಬಹುದು. ಉಡುಪಿಯ ಕಡೆಯಿಂದ ಬಂದ ಶಿವಳ್ಳಿಯವರ ಮನೆಮಾತು ತುಳು. ಸೇಲಂ, ಕೊಯಮತ್ತೂರು, ಕುಂಭಕೋಣಗಳಲ್ಲಿ ತಲೆಮಾರುಗಳಿಂದ ನೆಲೆಸಿದವರು ತಮಿಳು ಬೆರೆತ ಕನ್ನಡವನ್ನಾಡುತ್ತಾರೆ. 17ನೆಯ ಶತಮಾನದ ಉತ್ತರಾರ್ಧದಿಂದ 1855ರವರೆಗೆ ತಂಜಾವೂರನ್ನಾಳಿದ ಮರಾಠಾ ಅರಸರ ಕಾಲದಲ್ಲಿ ಕಾವೇರಿ ತೀರದಲ್ಲಿ ನೆಲೆಯೂರಿದ ದೇಶಸ್ಥರು ತಂಜಾವೂರು ಮರಾಠಿಯನ್ನಾಡುತ್ತಾರೆ. ಆಂಧ್ರದ ಕಡೆಯಿಂದ ಬಂದವರ ಮನೆಗಳಲ್ಲಿ ತೆಲುಗು. ಬೀದಿಯಲ್ಲಿ, ಅಂಗಡಿಯಲ್ಲಿ, ಶಾಲೆಯಲ್ಲಿ ಇವರೆಲ್ಲರ ಭಾಷೆ ತಮಿಳು. ಈ ನಾಲ್ಕು ಧಾರೆಗಳೂ ಒಂದೆಡೆ ಕುಳಿತಾಗ ಎಲ್ಲರಿಗೂ ಸಮಾನವಾಗಿರುವುದು ಸಂಸ್ಕೃತದ ಸ್ತೋತ್ರ ಮತ್ತು ಕನ್ನಡದ ದಾಸರ ಪದ. ಮನೆಯಲ್ಲಿ ಮರಾಠಿ ಆಡುವ ಅಜ್ಜಿಯೂ ಹಾಡುವಾಗ ಕನ್ನಡತಿಯಾಗುತ್ತಾಳೆ.

ಮಂತ್ರಾಲಯದ ಶ್ರೀರಾಘವೇಂದ್ರ ತೀರ್ಥರ ಚರಿತ್ರೆಯೂ ಇದೇ ಬೆಸುಗೆಯ ಕಥೆ. ಅವರು ಅವತರಿಸಿದ್ದು ಇಂದಿನ ಕಡಲೂರು ಜಿಲ್ಲೆಯ ಭುವನಗಿರಿಯಲ್ಲಿ. ಕುಂಭಕೋಣದಲ್ಲಿ ಶ್ರೀಸುಧೀಂದ್ರ ತೀರ್ಥರ ಬಳಿ ಅಧ್ಯಯನ ಮಾಡಿ, 1621ರಲ್ಲಿ ತಂಜಾವೂರಿನಲ್ಲಿ ಸಂನ್ಯಾಸ ಸ್ವೀಕರಿಸಿ, 1671ರಲ್ಲಿ ತುಂಗಭದ್ರಾ ತೀರದಲ್ಲಿ ಬೃಂದಾವನಸ್ಥರಾದರು. ಆದುದರಿಂದ ತಮಿಳುನಾಡಿನ ಭಕ್ತರಿಗೆ ಅವರು ಹೊರಗಿನಿಂದ ಬಂದ ಗುರುಗಳಲ್ಲ. 1966ರಲ್ಲಿ ಡಾ. ರಾಜಕುಮಾರ್ ಅಭಿನಯದ ‘ಮಂತ್ರಾಲಯ ಮಹಾತ್ಮೆ’ ಕನ್ನಡದಲ್ಲಿ ತೆರೆಗೆ ಬಂದಿತು. ಬೆಂಗಳೂರಿನಲ್ಲಿ ಬಸ್ ಕಂಡಕ್ಟರ್ ಆಗಿದ್ದು ಮದರಾಸಿನಲ್ಲಿ ನಟರಾದ ರಜನೀಕಾಂತ್ ಅವರು 1985ರಲ್ಲಿ ತಮ್ಮ 100ನೆಯ ಚಿತ್ರವಾಗಿ ‘ಶ್ರೀ ರಾಘವೇಂದ್ರರ್’ ಅನ್ನು ಆರಿಸಿಕೊಂಡರು. ಗುರುವಾರದ ದರ್ಶನಕ್ಕೆ ಸಾಲುಗಟ್ಟುವವರಲ್ಲಿ ಇಂದು ತಮಿಳು ಮನೆಮಾತಿನವರೇ ಬಹಳ. ಶ್ರಾವಣ ಬಹುಳ ಪ್ರತಿಪದೆಯಿಂದ ತದಿಗೆಯವರೆಗಿನ ಆರಾಧನೆಯ ಮೂರು ದಿನಗಳಲ್ಲಿ ಪಂಕ್ತಿಯಲ್ಲಿ ಕುಳಿತವರ ಮಾತುಗಳನ್ನು ಆಲಿಸಿದರೆ ದಕ್ಷಿಣದ ಎಲ್ಲ ನುಡಿಗಳೂ ಕಿವಿಗೆ ಬೀಳುತ್ತವೆ.

ನೆರೆಹೊರೆಯ ಬದುಕಿನಲ್ಲಿಯೂ ಈ ಕೊಡುಕೊಳ್ಳುವಿಕೆ ಕಾಣುತ್ತದೆ. ಚಾಂದ್ರಮಾನ ಅನುಸರಿಸುವವರ ಮನೆಯಲ್ಲಿ ಯುಗಾದಿಯ ಬೇವುಬೆಲ್ಲ ಹಂಚಿದರೆ, ಕೆಲವೇ ದಿನಗಳಲ್ಲಿ, ಏಪ್ರಿಲ್ 14ರ ಸುಮಾರಿಗೆ, ತಮಿಳು ಮನೆಯಿಂದ ಹೊಸ ವರ್ಷದ ಮಾವಿನಕಾಯಿ ಪಚ್ಚಡಿ ಬರುತ್ತದೆ. ಧನುರ್ಮಾಸದ ಮುಂಜಾವಿನಲ್ಲಿ ಒಂದು ಮನೆಯ ಹುಗ್ಗಿ ಪಕ್ಕದ ಮನೆಯ ಪೊಂಗಲ್ ಆಗಿರುತ್ತದೆ. ಹೆಸರು ಎರಡು, ಹೆಸರುಬೇಳೆ ಅಕ್ಕಿ ಒಂದೇ. ಒಂದೆಡೆ ಆಂಡಾಳ್ ತಾಯಿಯ ತಿರುಪ್ಪಾವೈ, ಇನ್ನೊಂದೆಡೆ ದಾಸರ ಉದಯರಾಗ. ಕುಮಾರನ್ ಕುಂಡ್ರಂನ ಗುಡ್ಡದ ಮೇಲಿನ ಮುರುಗನ ಸನ್ನಿಧಿಗೆ ಹತ್ತುವವರಲ್ಲಿ ಕನ್ನಡ ಮನೆಗಳವರೂ ಇರುತ್ತಾರೆ.

ದಾಸರ ಪದದ ಪ್ರಯಾಣ

ದಾಸರ ಪದ ತಮಿಳುನಾಡಿನಲ್ಲಿ ಮಾಧ್ವರ ಮನೆಗಳಿಗಷ್ಟೇ ಸೀಮಿತವಾಗಿ ಉಳಿಯಲಿಲ್ಲ. ಕರ್ಣಾಟಕ ಸಂಗೀತವನ್ನು ಕಲಿಯಲು ಆರಂಭಿಸುವ ಪ್ರತಿಯೊಂದು ಮಗುವೂ ಸರಳೆ, ಜಂಟಿ, ಅಲಂಕಾರಗಳನ್ನು ಮುಗಿಸಿ ಮಲಹರಿ ರಾಗದ ಪಿಳ್ಳಾರಿ ಗೀತೆಗಳಿಗೆ ಬರುತ್ತದೆ. ಈ ಪಾಠಕ್ರಮವನ್ನು ಹಾಕಿಕೊಟ್ಟವರು ಪುರಂದರದಾಸರೆಂದು ಪರಂಪರೆ ಹೇಳುತ್ತದೆ. ಹೀಗಾಗಿ ಮೈಲಾಪುರದ ಮಗುವಾಗಲಿ ಕ್ರೋಂಪೇಟೆಯ ಮಗುವಾಗಲಿ, ತಿಳಿದೋ ತಿಳಿಯದೆಯೋ, ಸಂಗೀತದ ಮೊದಲ ಸಾಹಿತ್ಯವನ್ನು ಒಬ್ಬ ಕನ್ನಡ ಹರಿದಾಸರಿಂದಲೇ ಪಡೆಯುತ್ತದೆ.

ಕಛೇರಿಯ ವೇದಿಕೆಗೆ ದಾಸರ ಪದಗಳನ್ನು ತಂದವರಲ್ಲಿ ವಿದುಷಿ ಲಲಿತಾಂಗಿ ಮತ್ತು ಅವರ ಮಗಳು ಎಂ. ಎಲ್. ವಸಂತಕುಮಾರಿ ಅಗ್ರಗಣ್ಯರು. ಇಬ್ಬರೂ ಕನ್ನಡ ಮನೆತನದವರಲ್ಲ. ಲಲಿತಾಂಗಿಯವರು ಶ್ರಮವಹಿಸಿ ಪುರಂದರದಾಸರ ಪದಗಳನ್ನು ಸಂಗ್ರಹಿಸಿ ಪ್ರಕಟಿಸಿದರು. 1943ರಲ್ಲಿ ತಮಿಳು ಇಸೈ ಸಂಘ ಸ್ಥಾಪನೆಯಾಗಿ, ಕಛೇರಿಗಳಲ್ಲಿ ತಮಿಳಿಗೆ ಸಲ್ಲಬೇಕಾದ ಸ್ಥಾನ ಸಿಗಬೇಕೆಂಬ ನ್ಯಾಯವಾದ ಬೇಡಿಕೆ ಬಲಗೊಂಡಿದ್ದ ಕಾಲವದು. ಅಂಥ ಕಾಲದಲ್ಲಿಯೂ ವಸಂತಕುಮಾರಿಯವರ ಕಂಠದಲ್ಲಿ ಕನ್ನಡ ಪದಗಳನ್ನು ಮದರಾಸಿನ ರಸಿಕರು ಬಯಸಿ ಬಯಸಿ ಕೇಳಿದರು. 1928ರಲ್ಲಿ ಸ್ಥಾಪಿತವಾದ ಮದರಾಸು ಸಂಗೀತ ಅಕಾಡೆಮಿಯು 1977ರಲ್ಲಿ ಅವರಿಗೆ ಸಂಗೀತ ಕಲಾನಿಧಿ ಎಂಬ ಗೌರವವನ್ನು ನೀಡಿತು.

ಮೈಸೂರು ವಾಸುದೇವಾಚಾರ್ಯರ ಜೀವನವೂ ಇಲ್ಲಿ ಉಲ್ಲೇಖಾರ್ಹ. 1865ರಲ್ಲಿ ಮೈಸೂರಿನ ಮಾಧ್ವ ಮನೆತನದಲ್ಲಿ ಜನಿಸಿದ ಅವರು ತಿರುವೈಯಾರಿನಲ್ಲಿ ಪಟ್ಣಂ ಸುಬ್ರಹ್ಮಣ್ಯ ಅಯ್ಯರ್ ಅವರ ಬಳಿ ಗುರುಕುಲವಾಸ ಮಾಡಿದರು. ಅವರ ಕೃತಿಗಳಲ್ಲಿ ಬಹುಪಾಲು ತೆಲುಗು ಮತ್ತು ಸಂಸ್ಕೃತದಲ್ಲಿವೆ. ಆದರೆ ತಮ್ಮ ನೆನಪುಗಳನ್ನು ಬರೆದದ್ದು ಕನ್ನಡದಲ್ಲಿ. 1935ರಲ್ಲಿ ಸಂಗೀತ ಕಲಾನಿಧಿಗಳಾದ ಅವರು ಇಳಿವಯಸ್ಸಿನಲ್ಲಿ ಮದರಾಸಿನ ಕಲಾಕ್ಷೇತ್ರಕ್ಕೆ ಬಂದು, ರುಕ್ಮಿಣೀದೇವಿಯವರ ರಾಮಾಯಣ ನೃತ್ಯನಾಟಕಗಳಿಗೆ ಸಂಗೀತವನ್ನು ಸಂಯೋಜಿಸಿದರು. 1961ರಲ್ಲಿ ಅವರು ದೈವಾಧೀನರಾದರು. ಗುರು ತಮಿಳಿನವರು, ಸಾಹಿತ್ಯ ತೆಲುಗು, ಬರವಣಿಗೆ ಕನ್ನಡ, ಕೊನೆಯ ಕರ್ಮಭೂಮಿ ಮದರಾಸು. ದಕ್ಷಿಣದ ಕಲೆ ಬೆಳೆದದ್ದು ಹೀಗೆ.

ಅಕ್ಷರದ ಪ್ರಶ್ನೆ

ಇಷ್ಟೆಲ್ಲ ಇದ್ದರೂ ಒಂದು ಕೊರತೆ ಉಳಿದಿದೆ. ಕ್ರೋಂಪೇಟೆಗೆ ಮೊದಲು ಬಂದ ತಲೆಮಾರು ಕನ್ನಡವನ್ನು ಓದುತ್ತಿತ್ತು. ಎರಡನೆಯ ತಲೆಮಾರು ಅಕ್ಷರಗಳನ್ನು ಕಷ್ಟಪಟ್ಟು ಕೂಡಿಸಿಕೊಂಡಿತು. ಮೂರನೆಯದು ತಮಿಳು ಲಿಪಿಯನ್ನು ನಂಬಿತು. ನಾಲ್ಕನೆಯದು ಮೊಬೈಲಿನ ಪರದೆಯ ಮೇಲೆ ರೋಮನ್ ಅಕ್ಷರಗಳನ್ನು ನೋಡಿ ಹಾಡುತ್ತಿದೆ. ಇದರಲ್ಲಿ ಯಾರ ತಪ್ಪೂ ಇಲ್ಲ. ಶಾಲೆಯಲ್ಲಿ ಕನ್ನಡ ಕಲಿಯುವ ಅವಕಾಶ ತಿಯಾಗರಾಯನಗರದ ಕರ್ನಾಟಕ ಸಂಘದ ಶಾಲೆಯಂಥ ಕೆಲವೆಡೆ ಮಾತ್ರ ಇತ್ತು. 2006ರ ಕಾಯಿದೆಯು ತಮಿಳನ್ನು ಹಂತಹಂತವಾಗಿ ಎಲ್ಲ ಮಕ್ಕಳಿಗೂ ಕಡ್ಡಾಯಗೊಳಿಸಿತು. ನೆಲದ ಭಾಷೆಯನ್ನು ಕಲಿಯುವುದು ಧರ್ಮವೇ ಆಗಿದೆ. ಮನೆಯ ಅಕ್ಷರವನ್ನು ಕಲಿಸುವ ಹೊಣೆ ಮನೆಯ ಮೇಲೆಯೇ ಬಿದ್ದಿತು.

ತಮಿಳು ಲಿಪಿಯಲ್ಲಿ ಬರೆದಿಟ್ಟವರನ್ನು ನಿಂದಿಸಲಾಗದು. ತ್ಯಾಗರಾಜರ ತೆಲುಗು ಕೀರ್ತನೆಗಳನ್ನು ಕಾವೇರಿ ತೀರದವರು ಹಾಗೆಯೇ ಉಳಿಸಿಕೊಂಡರು. ದಾಸರ ಪದಗಳಿಗೂ ಅದೇ ಆಶ್ರಯವಾಯಿತು. ಎ ಮತ್ತು ಏ, ಒ ಮತ್ತು ಓ, ಲ ಮತ್ತು ಳ ಎಂಬ ಭೇದಗಳನ್ನು ತಮಿಳು ಲಿಪಿ ಕನ್ನಡದಷ್ಟೇ ನಿಖರವಾಗಿ ತೋರಿಸುತ್ತದೆ. ಹಿಂದಿಯ ದೇವನಾಗರಿಯಲ್ಲಿ ಎ, ಒ ಎಂಬ ಹ್ರಸ್ವಗಳನ್ನು ಹೀಗೆ ತೋರಿಸುವ ರೂಢಿಯಿಲ್ಲ. ಆದರೆ ಕ, ಖ, ಗ, ಘ ಈ ನಾಲ್ಕಕ್ಕೂ ತಮಿಳಿನಲ್ಲಿ ಇರುವುದು ಒಂದೇ ಅಕ್ಷರ. ತ ವರ್ಗಕ್ಕೂ ಪ ವರ್ಗಕ್ಕೂ ಹಾಗೆಯೇ. ತಮಿಳಿನ ಸಹಜ ನಿಯಮದಂತೆ ಪದದ ಮೊದಲಲ್ಲಿ ಆ ಅಕ್ಷರ ಕಠಿಣವಾಗಿಯೂ ಸ್ವರಗಳ ನಡುವೆ ಮೃದುವಾಗಿಯೂ ಉಚ್ಚರಿತವಾಗುತ್ತದೆ. ಆದುದರಿಂದ ‘ಗಾನ’ವು ‘ಕಾನ’ವಾಗುತ್ತದೆ, ‘ಮುಕುಂದ’ನು ‘ಮುಗುಂದ’ನಾಗುತ್ತಾನೆ, ‘ದಾಸ’ರು ‘ತಾಸ’ರಾಗುತ್ತಾರೆ. ‘ಬಾಲ’, ‘ಪಾಲ’, ‘ಫಾಲ’ ಎಂಬ ಮೂರು ಪದಗಳು ಕಾಗದದ ಮೇಲೆ ಒಂದೇ ಆಗಿಬಿಡುತ್ತವೆ. ಮಗುವೂ, ರಕ್ಷಕನೂ, ಹಣೆಯೂ ಒಂದಾದರೆ ಅರ್ಥದ ಗತಿ ಏನು?

ಈ ತೊಡಕನ್ನು ಹಿಂದಿನವರು ಬಲ್ಲರು. ತಮಿಳಿನಲ್ಲಿ ಅಚ್ಚಾದ ಎಷ್ಟೋ ಸಂಗೀತ ಪುಸ್ತಕಗಳಲ್ಲಿ ಅಕ್ಷರಗಳ ಪಕ್ಕದಲ್ಲಿ 2, 3, 4 ಎಂಬ ಸಣ್ಣ ಅಂಕೆಗಳಿರುತ್ತವೆ. ಅಂಕೆಯಿಲ್ಲದಿದ್ದರೆ ಕ, 2 ಇದ್ದರೆ ಖ, 3 ಇದ್ದರೆ ಗ, 4 ಇದ್ದರೆ ಘ. ಜ, ಷ, ಸ, ಹ ಮುಂತಾದುವಕ್ಕೆ ಗ್ರಂಥಲಿಪಿಯ ಅಕ್ಷರಗಳನ್ನು ಬಳಸಿಕೊಂಡರು. ಇದು ಜಾಣತನದ ಏರ್ಪಾಡು. ಆದರೆ ಕೈಬರಹದ ನೋಟುಪುಸ್ತಕಗಳಲ್ಲಿ ಅವಸರದಿಂದ ನಕಲು ಮಾಡುವಾಗ ಅಂಕೆಗಳು ಮೊದಲು ಬಿಟ್ಟುಹೋಗುತ್ತವೆ. ರೋಮನ್ ಲಿಪಿಯಲ್ಲಿಯಾದರೋ ಹ್ರಸ್ವ ದೀರ್ಘಗಳೂ, ಲ ಳ ಮತ್ತು ನ ಣ ಭೇದಗಳೂ ಅಳಿದುಹೋಗುತ್ತವೆ.

ಇಲ್ಲಿ ಗಮನಿಸಬೇಕಾದ ಇನ್ನೊಂದು ವಿಚಾರವಿದೆ. ದಾಸರ ಪದಗಳಲ್ಲಿ ಸಾಮಾನ್ಯವಾಗಿ ದ್ವಿತೀಯಾಕ್ಷರ ಪ್ರಾಸವಿರುತ್ತದೆ. ಸಾಲುಗಳ ಎರಡನೆಯ ಅಕ್ಷರ ಒಂದೇ ವ್ಯಂಜನವಾಗಿರುತ್ತದೆ. ತಮಿಳರೂ ಇದನ್ನು ‘ಎದುಗೈ’ ಎಂಬ ಹೆಸರಿನಿಂದ ಬಲ್ಲರು. ಈ ಪ್ರಾಸ ಕಿವಿಗೆ ಇಂಪು ನೀಡುವುದಲ್ಲದೆ ಸಾಹಿತ್ಯವನ್ನು ಕಾಯುವ ಕಾವಲುಗಾರನೂ ಆಗಿದೆ. ಒಂದು ಸಾಲಿನ ಎರಡನೆಯ ಅಕ್ಷರ ‘ದ’ ಎಂದು ಖಚಿತವಾದರೆ, ಮುಂದಿನ ಸಾಲಿನಲ್ಲಿ ಅದೇ ಸ್ಥಾನದಲ್ಲಿ ‘ತ’ ಎಂದು ಹಾಡುವುದು ತಪ್ಪಿರಬೇಕೆಂದು ಬಲ್ಲವರಿಗೆ ಕೂಡಲೇ ಹೊಳೆಯುತ್ತದೆ. ರೈಲ್ವೆಯಲ್ಲಿ ಒಂದು ಸಿಗ್ನಲ್ ಇನ್ನೊಂದನ್ನು ತಾಳೆ ನೋಡಿ ಅಪಘಾತ ತಪ್ಪಿಸುವಂತೆ, ಒಂದು ಸಾಲು ಇನ್ನೊಂದು ಸಾಲನ್ನು ತಿದ್ದುತ್ತದೆ. ಆದರೆ ತಮಿಳು ಲಿಪಿಯಲ್ಲಿ ತ ಮತ್ತು ದ ಎರಡೂ ಒಂದೇ ರೂಪದಲ್ಲಿರುವುದರಿಂದ ತಪ್ಪು ಹಾಡಿದರೂ ಕಣ್ಣಿಗೆ ಪ್ರಾಸ ಸರಿಯಾಗಿಯೇ ಕಾಣುತ್ತದೆ. ಕಾವಲುಗಾರನಿದ್ದೂ ಇಲ್ಲದಂತಾಗುತ್ತದೆ. ಹಿರಿಯರು ಕಿವಿಯಿಂದ ಕಲಿತು ಕಿವಿಯಿಂದ ತಿದ್ದುತ್ತಿದ್ದುದರಿಂದ ಇಷ್ಟು ಕಾಲ ಹಾನಿಯಾಗಲಿಲ್ಲ. ಆ ಹಿರಿಯರು ಒಬ್ಬೊಬ್ಬರಾಗಿ ಮರೆಯಾಗುತ್ತಿರುವಾಗ ಲಿಪಿಯೊಂದೇ ಗತಿಯೆಂದಾದರೆ, ಇನ್ನೊಂದು ತಲೆಮಾರಿನಲ್ಲಿ ರಾಗ ಉಳಿದು ಮಾತು ಕಳೆದುಹೋಗುವ ಭಯವಿದೆ. ದಾಸರಿಗೆ ಮಾತೇ ಮುಖ್ಯವಾಗಿತ್ತು. ಶಾಸ್ತ್ರದ ಅರ್ಥ ಸಾಮಾನ್ಯರಿಗೆ ತಿಳಿಯಲೆಂದೇ ಅವರು ಸಂಸ್ಕೃತವನ್ನು ಬಲ್ಲವರಾಗಿದ್ದೂ ಕನ್ನಡದಲ್ಲಿ ಹಾಡಿದರು. ಅರ್ಥ ತಿಳಿಯದೆ ಹಾಡಿದರೆ ಅವರ ಉದ್ದೇಶವೇ ಹಿಂದುಮುಂದಾದಂತೆ.

ಮುಂದಿನ ದಾರಿ

ಈ ಕೊರತೆಯನ್ನು ತುಂಬಿಕೊಳ್ಳುವುದು ಕಷ್ಟವೇನಲ್ಲ. ಕನ್ನಡದ ಅಕ್ಷರಗಳು 49. ತಮಿಳನ್ನು ಬಲ್ಲ ಮಗುವಿಗೆ ಅವುಗಳ ಧ್ವನಿಗಳಲ್ಲಿ ಹೆಚ್ಚಿನವು ಈಗಾಗಲೇ ಗೊತ್ತು. ಪದಗಳೂ ಅಪರಿಚಿತವಲ್ಲ. ತಮಿಳಿನ ಪಾಲ್ ಕನ್ನಡದ ಹಾಲು, ಪುಲಿ ಹುಲಿ, ಪೂ ಹೂವು, ಪಳ್ಳಿ ಹಳ್ಳಿ. ಪಕಾರ ಹಕಾರವಾಗುವ ಈ ಒಂದು ಸೂತ್ರವನ್ನು ಹೇಳಿಕೊಟ್ಟರೆ ಮಗು ತಾನೇ ಹತ್ತಾರು ಪದಗಳನ್ನು ಬಿಡಿಸಿಕೊಳ್ಳುತ್ತದೆ. ವಾರಕ್ಕೊಮ್ಮೆ ಭಜನೆಗೆ ಸೇರುವ ಮೊದಲು ಅರ್ಧ ಗಂಟೆ, ವಾರಕ್ಕೆ ಎರಡು ಅಕ್ಷರ, ತಿಂಗಳಿಗೆ ಒಂದು ಪದದ ಅರ್ಥ. ಇಷ್ಟು ನಡೆದರೆ ಆರೇಳು ತಿಂಗಳಲ್ಲಿ ವರ್ಣಮಾಲೆ ಮುಗಿಯುತ್ತದೆ. ಹಾಡುಗಳನ್ನು ಹೊಸದಾಗಿ ಅಚ್ಚು ಹಾಕಿಸುವವರು ಎಡಪುಟದಲ್ಲಿ ಕನ್ನಡ, ಬಲಪುಟದಲ್ಲಿ ಅಂಕೆ ಸಹಿತವಾದ ತಮಿಳು ಲಿಪಿ ಇರುವಂತೆ ಮಾಡಿದರೆ ಅಜ್ಜಿಗೂ ಮೊಮ್ಮಗಳಿಗೂ ಒಂದೇ ಪುಸ್ತಕ ಸಾಕಾಗುತ್ತದೆ. ಮನೆಯಲ್ಲಿರುವ ಹಿರಿಯರ ಕಂಠದಲ್ಲಿ ಉಳಿದಿರುವ ಪಾಠವನ್ನು ಮೊಬೈಲಿನಲ್ಲಿಯೇ ಧ್ವನಿಮುದ್ರಿಸಿ ಇಡಬಹುದು. ಹಳೆಯ ನೋಟುಪುಸ್ತಕಗಳನ್ನು ರದ್ದಿಗೆ ಹಾಕದೆ ಕಾಪಾಡಬೇಕು. ಯಾವ ಲಿಪಿಯಲ್ಲಿದ್ದರೂ ಅವು ಒಂದು ಸಮುದಾಯದ ದಾಖಲೆಗಳು.

ಲೋಹದ ಲವಣದಿಂದ ಹೆಸರು ಪಡೆದು ರೈಲು ಹಳಿಯಿಂದ ಬೆಳೆದ ಈ ಊರಿನಲ್ಲಿ ಹಂಪಿಯ ಕಾಲದ ಹಾಡು ಇಂದಿಗೂ ಜೀವಂತವಾಗಿರುವುದಕ್ಕೆ ಕಾರಣರಾದವರು ದೊಡ್ಡ ವಿದ್ವಾಂಸರಷ್ಟೇ ಅಲ್ಲ. ಬೆಳಗಿನ ಲೋಕಲ್ ರೈಲಿಗೆ ಯಜಮಾನರ ಊಟದ ಡಬ್ಬಿ ಸಿದ್ಧಪಡಿಸುತ್ತ, ಒಲೆಯ ಮುಂದೆ ನಿಂತು ತಮ್ಮ ತಾಯಿಯಿಂದ ಕಲಿತ ಪದವನ್ನು ಗುನುಗಿದ ಗೃಹಿಣಿಯರು. ಮೀಟರ್ ಗೇಜ್ ಹಳಿ ಬ್ರಾಡ್ ಗೇಜ್ ಆಗುವಾಗ ಊರು ಬದಲಾಗಲಿಲ್ಲ, ಗಾಡಿ ನಿಲ್ಲಲಿಲ್ಲ, ಹಳಿಯ ಅಗಲವಷ್ಟೇ ಹೆಚ್ಚಿತು. ಅದೇ ರೀತಿ ತಮಿಳನ್ನು ಬಿಡದೆಯೇ ಕನ್ನಡದ ಅಕ್ಷರವನ್ನೂ ಸೇರಿಸಿಕೊಳ್ಳುವುದು ಸಾಧ್ಯ. ಆ ಗೃಹಿಣಿಯರು ಉಳಿಸಿಕೊಟ್ಟ ಹಾಡಿಗೆ ಅದರ ಅಕ್ಷರವನ್ನು ಮರಳಿ ಕೂಡಿಸುವುದು ಈಗಿನವರ ಪಾಲಿಗೆ ಉಳಿದಿರುವ ಸೇವೆ.

ಶ್ರೀಕೃಷ್ಣಾರ್ಪಣಮಸ್ತು